ಕೋಡಿ ನೋಡಿಕೊಂಡು ಬಂದದ್ದು

ನಮ್ಮ ಪಕ್ಕದ ಮನೆಯ ಡಾಕ್ಟರು ಬೆಟ್ಟ ಹತ್ತುವ ಸೈಕಲ್ಲೊಂದನ್ನು ಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಅದನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಕೋಲಾರದ ಅಂತರಗಂಗೆ ಬೆಟ್ಟದ ಬುಡದವರೆಗೆ ಹೋಗುತ್ತಾರೆ. ಅಲ್ಲಿ ಅದನ್ನು ಇಳಿಸಿ, ತಲೆಗೆ ಬುಟ್ಟಿಯಂಥ ಟೋಪಿ ಹಾಕಿ, ಮೊಣಕಾಲು ಮೊಣಕೈಗಳಿಗೆ ದಿಂಬು ಬಿಗಿದುಕೊಂಡು ತೇರಹಳ್ಳಿಯ ಕಡೆ ಹತ್ತುತ್ತಾರೆ. ಇಳಿದ ಮೇಲೆ ಸೈಕಲ್ಲನ್ನು ಮತ್ತೆ ಕಾರಿನ ಮೇಲೇರಿಸಿ ಮನೆಗೆ ಕರೆತರುತ್ತಾರೆ. ಮನುಷ್ಯರನ್ನು ಹೊರುವ ಸೈಕಲ್ಲುಗಳ ನಡುವೆ ಬೆಳೆದ ನನಗೆ, ಕಾರಿನ ಮೇಲೆ ಸವಾರಿ ಹೋಗುವ ಈ ಸೈಕಲ್ಲನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಮೊನ್ನೆ ಅವರು ಅದನ್ನು ನಮ್ಮ ಕಾಂಪೌಂಡಿಗೆ ಒರಗಿಸಿ ತೊಳೆಯುತ್ತಿದ್ದರು. ಒರಗಿಸಿದ್ದು ಏಕೆಂದರೆ ಅದಕ್ಕೆ ಸ್ಟ್ಯಾಂಡ್ ಇಲ್ಲ. ನಾನು ಒಂದು ಪ್ರದಕ್ಷಿಣೆ ಬಂದೆ. ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಅಂಗಡಿಯವನು ಉಳಿದದ್ದನ್ನು ಆಮೇಲೆ ಕಳಿಸುತ್ತಾನೇನೋ ಎಂದುಕೊಂಡೆ. ಹಿಂದೆ ಬಂದು ನೋಡಿದರೆ ಕ್ಯಾರಿಯರ್ರೇ ಇಲ್ಲ. ಡಾಕ್ಟರು ಹೆಮ್ಮೆಯಿಂದ, ಇದು ಕಾಡು, ಕೆರೆ ಏರಿ, ಬೆಟ್ಟ ಎಲ್ಲ ಕಡೆಗೂ ಹೋಗುತ್ತದೆ, ನೀವು ಯಾವತ್ತಾದರೂ ಇಂಥ ಸವಾರಿ ಮಾಡಿದ್ದೀರಾ ಎಂದು ಕೇಳಿದರು. ನನ್ನ ಬಾಯಿಂದ ಬಂದ ಮಾತು ಇಷ್ಟೇ: "ಅದು ಸರಿ ಡಾಕ್ಟ್ರೇ, ಚಿಕ್ಕಪ್ಪನ್ನ ಎಲ್ಲಿ ಕೂರಿಸೋದು?"

ಡಾಕ್ಟರು ನನ್ನ ಬಿ.ಪಿ. ನೋಡಬೇಕಾದೀತೇನೋ ಎಂಬಂತೆ ಮುಖ ಮಾಡಿದರು. ಬಿಡಿಸಿ ಹೇಳಿದರೆ ಕೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ನಿಮಗಾದರೆ ಹೇಳಬಹುದು, ನೀವು ಹೇಗೂ ಕೂತಿದ್ದೀರಿ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕ ಮುಗಿದು ಎಂಬತ್ತು ಕಣ್ಣುಬಿಟ್ಟ ಹೊಸತರ ಮಾತು. ನಮ್ಮದು ಶ್ರೀನಿವಾಸಪುರ ತಾಲ್ಲೂಕು, ಯಲ್ದೂರಿನ ಪಕ್ಕದ ಒಂದು ಹಳ್ಳಿ. ಒಂದು ಕಡೆ ಮಾವಿನ ತೋಪು, ಒಂದು ಕಡೆ ಹಿಪ್ಪುನೇರಳೆ, ನಡುವೆ ಹೆಸರಿಗೊಂದು ಕೆರೆ. ನಾನು ಹುಡುಗನಾಗಿದ್ದಾಗ ಆ ಕೆರೆಯಲ್ಲಿ ನೀರಿದ್ದಿದ್ದರೆ ಈಜು ಕಲಿಯುತ್ತಿದ್ದೆ. ಇಲ್ಲದ್ದರಿಂದ ಸೈಕಲ್ ಕಲಿತೆ. ಏರಿಯ ಮೇಲೆ ಕಲಿಯುವವನಿಗೆ ಬೀಳಲು ಎರಡು ಕಡೆ ಉಂಟು. ಒಂದು ಕಡೆ ಜಾಲಿ ಮುಳ್ಳು, ಇನ್ನೊಂದು ಕಡೆ ಒಣಗಿದ ಕೆರೆಯಂಗಳ. ನಾನು ಸದಾ ಕೆರೆಯ ಕಡೆಗೇ ಬೀಳುತ್ತಿದ್ದೆ. ಅಪ್ಪನ ಸೈಕಲ್ಲು ನನಗಿಂತ ಎತ್ತರ, ಹಾಗಾಗಿ ಅದರ ತ್ರಿಕೋನದ ಸಂದಿಯಲ್ಲಿ ಕಾಲು ತೂರಿಸಿ, ಮೈಯನ್ನು ಒಂದು ಕಡೆ ನೇತುಹಾಕಿ ತುಳಿಯಬೇಕಾಗಿತ್ತು. ಇವತ್ತಿಗೂ ನಾನು ನಡೆಯುವಾಗ ಎಡಗಡೆಗೆ ಸ್ವಲ್ಪ ವಾಲುತ್ತೇನೆ. ವಯಸ್ಸಾಯಿತು ಎಂದು ಜನ ತಿಳಿದಿದ್ದಾರೆ, ಅದು ಆ ಕಾಲದ ವಾಲಾಟ.

ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದಾಗ ನಾವು ಮೂರು ನಾಲ್ಕು ಜನ ತೇರಹಳ್ಳಿ ಬೆಟ್ಟಕ್ಕೆ ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದೆವು. ಹತ್ತುವಾಗ ಸೈಕಲ್ಲನ್ನು ನಾವು ಹೊತ್ತದ್ದೇ ಹೆಚ್ಚು. ಇಳಿಯುವಾಗ ಸೈಕಲ್ಲು ನಮ್ಮ ಮಾತು ಕೇಳುತ್ತಿರಲಿಲ್ಲ. ಬ್ರೇಕು ಎಂಬುದು ಆ ಸೈಕಲ್ಲುಗಳಲ್ಲಿ ಒಂದು ಅಲಂಕಾರ ಅಷ್ಟೆ. ಅದಕ್ಕೆ ನಾವೇ ಒಂದು ಉಪಾಯ ಕಂಡುಹಿಡಿದಿದ್ದೆವು. ಎಲೆ ತುಂಬಿದ ಹೊಂಗೆಯ ಕೊಂಬೆಯೊಂದನ್ನು ಕ್ಯಾರಿಯರ್ರಿಗೆ ಹಗ್ಗದಲ್ಲಿ ಕಟ್ಟಿ ಹಿಂದೆ ಎಳೆದುಕೊಂಡು ಇಳಿಯುವುದು. ಕೊಂಬೆ ನೆಲ ಕೆರೆಯುತ್ತಾ ವೇಗವನ್ನು ಹಿಡಿದಿಡುತ್ತಿತ್ತು. ಮುಂದೆ ಹೋದವನಿಗೆ ಇದು ಬಹಳ ಒಳ್ಳೆಯ ಏರ್ಪಾಡು. ಹಿಂದಿನವನಿಗೆ ದಾರಿಯೇ ಕಾಣದು, ಬರೀ ಕೆಂಧೂಳು. ನಾನು ಯಾವಾಗಲೂ ಹಿಂದಿನವನೇ. ಒಮ್ಮೆ ಹಾಸ್ಟೆಲಿನ ಅಡುಗೆಯವರು ನನ್ನನ್ನು ನೋಡಿ, ಓದು ಬಿಟ್ಟು ಮಾಲೂರಿನ ಇಟ್ಟಿಗೆ ಗೂಡಿಗೆ ಸೇರಿದೆಯಾ ಎಂದು ನಿಜವಾಗಿ ಮರುಗಿದ್ದರು.

ಆವಣಿ ಬೆಟ್ಟಕ್ಕೂ ಸೈಕಲ್ ಹೊತ್ತಿದ್ದೇನೆ. ಸೀತಮ್ಮ ಮಕ್ಕಳನ್ನು ಹೆತ್ತ ಬೆಟ್ಟ ಅದು. ಅಲ್ಲಿಗೆ ಹೆಂಗಸರು ಹರಕೆ ಹೊತ್ತು ಬರುತ್ತಾರೆ, ನಾವು ಸೈಕಲ್ ಹೊತ್ತು ಹೋದೆವು. ಮೆಟ್ಟಿಲ ಪಕ್ಕ ಮಜ್ಜಿಗೆ ಮಾರುತ್ತಿದ್ದ ಅಜ್ಜಿ ಇದಕ್ಕೂ ಹರಕೆಯಾ ಎಂದು ಕೇಳಿದರೆ, ಟ್ಯೂಬಿನಲ್ಲಿ ಗಾಳಿ ನಿಲ್ಲಲಿ ಅಂತ ಎಂದು ಹೇಳಿ ಬೈಸಿಕೊಂಡಿದ್ದೆ.

ಇರಲಿ, ಚಿಕ್ಕಪ್ಪನ ವಿಷಯಕ್ಕೆ ಬರೋಣ. ನಮ್ಮ ಚಿಕ್ಕಪ್ಪ ವೆಂಕಟರೋಣಪ್ಪನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಆದರೆ ಕ್ಯಾರಿಯರ್ ಮೇಲೆ ಕೂರುವ ವಿದ್ಯೆಯಲ್ಲಿ ಅವನನ್ನು ಮೀರಿಸಿದವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಹೊರಟ ಸೈಕಲ್ಲಿಗೆ ಓಡಿ ಬಂದು ಹಾರಿ ಕೂರುತ್ತಿದ್ದ. ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಕೊಡೆ, ಬಾಯಲ್ಲಿ ಎಲೆ ಅಡಿಕೆ. ಉಗಿಯಬೇಕಾದಾಗ ಬೆನ್ನು ತಟ್ಟಿ ಯಾವ ಕಡೆ ಉಗಿಯುತ್ತೇನೆಂದು ಮುಂಚೆಯೇ ಹೇಳುವ ಮರ್ಯಾದಸ್ಥ. ಏರು ಬಂದಾಗಲೆಲ್ಲ, "ಲೇ ಸೀನ, ಕಷ್ಟ ಆದ್ರೆ ಹೇಳ್ಲಾ, ಇಳೀತೀನಿ" ಅನ್ನುತ್ತಿದ್ದ. ಕಷ್ಟ ಆಗುತ್ತಿದೆ ಎಂದರೆ, ಇನ್ನೇನು ಬಂತು ಬಿಡು ಎನ್ನುತ್ತಿದ್ದ. ಇಳಿದದ್ದನ್ನು ನಾನು ಕಂಡಿಲ್ಲ.

ನನಗೆ ಆಗಷ್ಟೆ ಯಲ್ದೂರಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತ್ತು. ಸಿಕ್ಕಿದ ತಿಂಗಳಿನಿಂದಲೇ ಮನೆಯಲ್ಲಿ ಹೆಣ್ಣು ಹುಡುಕುವ ಗದ್ದಲ. ಚಿಕ್ಕಪ್ಪ ಮುಳಬಾಗಿಲಿನ ಕಡೆಯಿಂದ ಒಂದು ಸಂಬಂಧ ತಂದ. ಹುಡುಗಿಯ ಹೆಸರು ಕಮಲ. ಅವರಪ್ಪ ಬೋರೇಗೌಡರು ಮಂಡ್ಯದ ಸೀಮೆಯವರು. ಕೆರೆ ರಿಪೇರಿಯ ಮೇಸ್ತ್ರಿಯಾಗಿ ನಮ್ಮ ಕಡೆ ಬಂದು, ಕೆಲಸ ಮಾಡಿಸಿದ ಕೆರೆಯ ಕೆಳಗೇ ಒಂದು ತುಂಡು ಗದ್ದೆ ಕೊಂಡು ನಿಂತುಬಿಟ್ಟವರು. ಆ ಊರಿನ ಹೆಸರು ಬೇಡ. ಕುರುಡುಮಲೆಯಿಂದ ಮುಂದೆ ಗುಡ್ಡ ಇಳಿದರೆ ಸಿಗುತ್ತದೆ ಅಂದುಕೊಳ್ಳಿ ಸಾಕು. ಆ ಕೆರೆಯ ವಿಚಾರದಲ್ಲಿ ಊರವರಿಗೆ ಇನ್ನೂ ಒಂದು ಸತ್ಯ ಗೊತ್ತಿಲ್ಲ, ಈಗ ಗೊತ್ತಾಗುವುದೂ ಬೇಡ.

ಕಮಲಳ ಫೋಟೋ ನಮ್ಮ ಮನೆಗೆ ಬಂತು. ಅಮ್ಮ ಅದನ್ನು ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ನಾನು ಉಪ್ಪಿನಕಾಯಿ ಜಾಡಿ ತೆಗೆಯುವ ನೆಪದಲ್ಲಿ ದಿನಾ ಆ ಗೂಡಿನ ಹತ್ತಿರ ಹೋಗುತ್ತಿದ್ದೆ. ಆ ತಿಂಗಳು ಮನೆಯಲ್ಲಿ ಉಪ್ಪಿನಕಾಯಿ ಬೇಗ ಖಾಲಿಯಾಯಿತು. ಅವಳು ಫೋಟೋದಲ್ಲಿ ನಗು ತಡೆದುಕೊಂಡು ಕೂತಂತಿತ್ತು. ಏನಕ್ಕೆ ನಗು ಬಂದಿತ್ತೋ ತಿಳಿಯಬೇಕು ಎಂಬ ಆಸೆ ನನಗೆ ದಿನದಿಂದ ದಿನಕ್ಕೆ ಹೆಚ್ಚಿತು. ಸುಳ್ಳೇಕೆ, ಬೇರೆ ಹುಡುಗಿ ಬೇಡ ಅನ್ನಿಸಿಬಿಟ್ಟಿತ್ತು.

ಹೆಣ್ಣು ನೋಡಲು ಯಾವತ್ತು ಬರೋಣ ಎಂದು ಕೇಳಲು ಚಿಕ್ಕಪ್ಪ ಮುಳಬಾಗಿಲಿಗೆ ಹೋಗಿ ಬೋರೇಗೌಡರನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದ. ಅವರು ಬಸ್ಸಿನ ಕಿಟಕಿಯಲ್ಲಿ, ಇವನು ಕೆಳಗೆ. ಎಂಜಿನ್ನು ಗುರುಗುಟ್ಟುತ್ತಿತ್ತು. ಗೌಡರು ತಲೆ ಹೊರಗೆ ಹಾಕಿ ಹೇಳಿದ್ದು ಇದು: "ಭಾನುವಾರ ಬನ್ನಿ. ಬರೋದಾದ್ರೆ ಕೋಡಿ ನೋಡ್ಕಂಡ್ ಬನ್ನಿ. ದೊಡ್ಡದಾಗಿದ್ರೆ ಬ್ಯಾಡ, ಸಣ್ಣದಾದ್ರೆ ಪರವಾಗಿಲ್ಲ."

ಈಗ ನಮ್ಮ ಸೀಮೆಯ ಭಾಷೆಯ ಬಗ್ಗೆ ಒಂದು ಮಾತು. ನಾವು ಒಂದು ವಾಕ್ಯವನ್ನು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವ ಜನ. ಬೋರೇಗೌಡರ ಮಂಡ್ಯದಲ್ಲಿ ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕಲ್ಲುಕಟ್ಟೆ. ಶುದ್ಧ ಕನ್ನಡ. ಅದನ್ನು ನಮ್ಮ ಮನೆಯ ತೆಲುಗಿನಲ್ಲಿ ಅಲುಗು ಅನ್ನುತ್ತಿದ್ದೆವು. ಅದೇ ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಎರಡು ಅರ್ಥವೂ ಒಂದು ಕಾಲಕ್ಕೆ ನಮ್ಮ ಹಿರಿಯರಿಗೆ ಗೊತ್ತಿದ್ದಿರಬೇಕು. ಆದರೆ ನಮ್ಮೂರ ಕೆರೆ ತುಂಬಿ ಹರಿದು ಎಷ್ಟು ವರ್ಷವಾಗಿತ್ತೆಂದರೆ, ನೀರಿನ ಕೋಡಿ ಬಾಯಲ್ಲೇ ಬತ್ತಿಹೋಗಿ, ಹಿತ್ತಲಲ್ಲಿ ಓಡಾಡುವ ಕೋಡಿಯೊಂದೇ ಉಳಿದಿತ್ತು.

ಹಾಗಾಗಿ ಚಿಕ್ಕಪ್ಪ ಕುಣಿಯುತ್ತಾ ಬಂದ. ಬೋರೇಗೌಡರ ದೊಡ್ಡತನವನ್ನು ಜಗಲಿಯ ಮೇಲೆ ಕೂತು ಹೊಗಳಿದ್ದೇ ಹೊಗಳಿದ್ದು. ಬೇರೆ ಹೆಣ್ಣಿನ ಕಡೆಯವರು ತಾವು ಅಡುಗೆ ಮಾಡುವುದಕ್ಕೇ ಮುಖ ಗಂಟು ಹಾಕುತ್ತಾರೆ, ಈತ ಬಾಯಿ ಬಿಟ್ಟು ಒಂದು ಕೋಳಿ ನೋಡಿಕೊಂಡು ಬನ್ನಿ ಎಂದು ನೆಂಟರ ಹಾಗೆ ಕೇಳಿದ್ದಾರೆ. ಅದರಲ್ಲೂ ದೊಡ್ಡದು ಬೇಡವಂತೆ, ಸಣ್ಣದಾದರೆ ಸಾಕಂತೆ, ನಮಗೆ ಹೊರೆಯಾಗಬಾರದೆಂದು ಎಷ್ಟು ಯೋಚನೆ ನೋಡಿ ಎಂದ. ಅಪ್ಪನೂ ತಲೆದೂಗಿದ. ಬಿ.ಎಸ್ಸಿ. ಓದಿದ ನಾನೂ ತಲೆದೂಗಿದೆ.

ಅಪ್ಪ ಅಮ್ಮ ಬರುವಂತಿರಲಿಲ್ಲ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟಿದ್ದವು. ಆ ಹೊತ್ತಿನಲ್ಲಿ ಮನೆ ಬಿಟ್ಟರೆ ವರ್ಷದ ದುಡಿಮೆ ಮಣ್ಣು. ಮೊದಲು ನೀವಿಬ್ಬರು ಹೋಗಿ ಮಾತಾಡಿಕೊಂಡು ಬನ್ನಿ ಎಂದರು. ಕೋಳಿಯ ಆಯ್ಕೆ ಅಮ್ಮನದು. ಹುಳುಮನೆಗೆ ನುಗ್ಗಿ ಹುಳು ತಿನ್ನುವ ಚಾಳಿ ಕಲಿತಿದ್ದ ಒಂದು ಕೆಂಪು ಹ್ಯಾಟೆ ಇತ್ತು. ಅದನ್ನು ಹಿಡಿದು ಕಾಲು ಕಟ್ಟಿ ಕೈಚೀಲದಲ್ಲಿ ಕೂರಿಸಿ, ಇದು ನಿನ್ನ ಮದುವೆಗೇ ಹುಟ್ಟಿದ್ದು ಕಣೋ ಎಂದು ಕೊಟ್ಟಳು. ಅಮ್ಮನಿಗೆ ಒಂದೇ ದಿನದಲ್ಲಿ ಎರಡು ತಲೆನೋವು ಮನೆಯಿಂದ ಹೊರಟ ಸಮಾಧಾನ.

ಬಸ್ಸಿನಲ್ಲಿ ಹೋದರೆ ಊರೂರು ಸುತ್ತಿ ಹೋಗಬೇಕು, ಕಾಡುದಾರಿಯಲ್ಲಿ ಹತ್ತಿರ ಎಂದು ಚಿಕ್ಕಪ್ಪನ ತೀರ್ಮಾನ. ತುಳಿಯುವವನು ನಾನಾದ್ದರಿಂದ ಅವನಿಗೆ ಎಲ್ಲ ದಾರಿಯೂ ಹತ್ತಿರವೇ. ಮಾವಿನ ತೋಪುಗಳ ಸಾಲು ಮುಗಿದ ಮೇಲೆ ಕುರುಚಲು ಕಾಡು ಶುರುವಾಯಿತು. ಹಿಂದಿನ ವಾರವೆಲ್ಲ ಮಳೆ ಬಿದ್ದಿತ್ತು. ತಂಗಡಿ ಹೂ ಬಿಟ್ಟಿತ್ತು, ಸೀತಾಫಲದ ಗಿಡಗಳು ದಾರಿಗೆ ಬಾಗಿದ್ದವು. ಒಂದು ಗುಡ್ಡ ಹತ್ತಿ ಇಳಿದರೆ ಒಂದು ಕೆರೆ, ಮತ್ತೊಂದು ಗುಡ್ಡ, ಮತ್ತೊಂದು ಕೆರೆ. ನಮ್ಮ ಹಿಂದಿನವರು ಹಳ್ಳ ಕಂಡಲ್ಲೆಲ್ಲ ಕಟ್ಟೆ ಹಾಕಿದ್ದಾರೆ. ಕಟ್ಟೆ ಹಾಕಿದಲ್ಲೆಲ್ಲ ಒಂದು ವೀರಗಲ್ಲು ನಿಲ್ಲಿಸಿದ್ದಾರೆ. ಕತ್ತಿ ಹಿಡಿದು ಸತ್ತ ಆ ವೀರರ ಪಕ್ಕದಲ್ಲಿ ನಾನು ಸೈಕಲ್ ಹಿಡಿದು ಏದುಸಿರು ಬಿಡುತ್ತಾ ನಿಲ್ಲುತ್ತಿದ್ದೆ. ಚಿಕ್ಕಪ್ಪ ಕ್ಯಾರಿಯರ್ ಮೇಲೆ ಕೂತೇ ಕಲ್ಲಿಗೆ ಕೈಮುಗಿಯುತ್ತಿದ್ದ. ಏರು ಬಂದಾಗ ನನಗೆ ಮುಂದೆ ಸಂಸಾರದ ಭಾರ ಹೊರುವ ಬಗ್ಗೆ ಬುದ್ಧಿ ಹೇಳುತ್ತಿದ್ದ. ಕೋಳಿಯೂ ಅವನ ಮಡಿಲಿಂದ ಆಗಾಗ ಹೂಂಗುಟ್ಟುತ್ತಿತ್ತು.

ಕುರುಡುಮಲೆ ಬಂದಾಗ ಚಿಕ್ಕಪ್ಪ ಗಣಪತಿಯ ದರ್ಶನ ಮಾಡದೆ ಮುಂದೆ ಹೋಗಕೂಡದು ಎಂದ. ಸರಿಯೇ. ದೇವತೆಗಳೇ ಕೂಡಿ ಪೂಜಿಸಿದ ಗಣಪತಿ ಅದು, ಆ ಕಡೆ ಯಾವ ಶುಭಕಾರ್ಯವಾದರೂ ಅಲ್ಲಿಂದಲೇ ಆರಂಭ. ತೊಂದರೆ ಎಂದರೆ ಕೋಳಿ. ಹೊರಗೆ ಬಿಟ್ಟರೆ ನಾಯಿಗಳು, ಮರದ ಮೇಲೆ ಕೋತಿಗಳು. ಚಿಕ್ಕಪ್ಪ ಬಹಳ ಯೋಚಿಸಿ, ಹೆಗಲ ಟವೆಲ್ಲನ್ನು ಶಾಲಿನಂತೆ ಹೊದ್ದು, ಚೀಲವನ್ನು ಅದರೊಳಗೆ ಕಂಕುಳಲ್ಲಿ ಅಡಗಿಸಿಕೊಂಡ. ಬೇಡ ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಒಳಗೆ ಹೋಗಿಯಾಗಿತ್ತು.

ಎರಡಾಳಿಗೂ ಮೀರಿದ ಎತ್ತರದ ಗಣಪತಿ. ತಣ್ಣಗಿನ ಕಲ್ಲುಗುಡಿ, ಒಳಗೆ ಉಸಿರು ಬಿಟ್ಟರೂ ಕೇಳುವಷ್ಟು ನಿಶ್ಶಬ್ದ. ಮುದುಕರಾದ ಅರ್ಚಕರು ಸಂಕಲ್ಪ ಮಾಡಿಸುತ್ತಾ ಯಾರ ಹೆಸರಿಗೆ ಎಂದು ಕೇಳಿದರು. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಅವನ ಕಂಕುಳಿಂದ ಕೊಕ್ ಎಂದು ಉತ್ತರ ಬಂತು. ಚಿಕ್ಕಪ್ಪ ತಕ್ಷಣ ಅದೇ ಸ್ವರದಲ್ಲಿ ಕೆಮ್ಮಿದ. ಅರ್ಚಕರು ಅವನನ್ನು ಒಂದು ಗಳಿಗೆ ನೋಡಿದರು. ಮಂಗಳಾರತಿ ಮುಗಿಸಿ, ನಮಗೆ ಸ್ವಲ್ಪ ದೂರದಿಂದಲೇ ಹೂವು ಹಾಕಿ, "ಹೋಗ್ಬನ್ನಿ. ಮೂರು ಜನಕ್ಕೂ ಒಳ್ಳೇದಾಗ್ಲಿ" ಎಂದರು.

ಅಲ್ಲಿಂದ ಇಳಿಜಾರು. ಕಲ್ಲು, ಕೊರಕಲು, ಲಂಟಾನ ಪೊದೆ. ಒಂದು ಬ್ರೇಕು ಯಾವತ್ತೋ ಸತ್ತಿತ್ತು, ಇನ್ನೊಂದು ಅರ್ಧ ದಾರಿಯಲ್ಲಿ ಸತ್ತಿತು. ಹೊಂಗೆಯ ಕೊಂಬೆ ಕಟ್ಟಲು ಜಾಗವಿರಲಿಲ್ಲ, ಅಲ್ಲಿ ಚಿಕ್ಕಪ್ಪ ಇದ್ದ. ಕಾಲು ಕೊಡು ಚಿಕ್ಕಪ್ಪ ಎಂದು ಕೂಗಿಕೊಂಡೆ. ಅವನು ಎರಡೂ ಕಾಲನ್ನು ನೆಲಕ್ಕೆ ಊರಿ, ಹೊಸ ಚಪ್ಪಲಿ ಸವೆಸುತ್ತಾ, ಒಂದು ಕೈಯಲ್ಲಿ ಕೊಡೆ ಒಂದು ಕೈಯಲ್ಲಿ ಕೋಳಿ ಎತ್ತಿ ಹಿಡಿದು ದೇವರ ನಾಮ ಹೇಳುತ್ತಾ ಬಂದ. ನಾವು ಊರು ಸೇರಿದ್ದು ನೆಂಟರು ಬಂದ ಹಾಗಿರಲಿಲ್ಲ. ಬೋರೇಗೌಡರ ಮನೆಯ ಮುಂದಿನ ಹುಲ್ಲಿನ ಮೆದೆಗೆ ನುಗ್ಗಿ ನಿಂತೆವು.

ಮೆದೆಯಿಂದ ಮೊದಲು ಎದ್ದವನು ಚಿಕ್ಕಪ್ಪ. ಹುಲ್ಲು ಕೊಡವಿಕೊಂಡು, ಬಾಗಿಲಲ್ಲಿ ನಿಂತಿದ್ದ ಬೋರೇಗೌಡರ ಕೈಗೆ ಚೀಲ ಕೊಟ್ಟು, ತಾವು ಹೇಳಿದ ಹಾಗೇ ತಂದಿದ್ದೇವೆ ಎಂದ. ಗೌಡರು ಚೀಲದೊಳಗೆ ನೋಡಿದರು. ಕೋಳಿ ಅವರನ್ನು ನೋಡಿತು. ಗೌಡರ ಮುಖ ಕಪ್ಪಗಾಯಿತು. ಚೀಲವನ್ನು ಜಗಲಿಯ ಮೇಲಿಟ್ಟು, "ನೀವೂ ಅಣಕಿಸಕ್ಕೇ ಬಂದ್ರಾ" ಎಂದರು. ಮೆಲ್ಲಗೇ ಹೇಳಿದ್ದು. ಕೂಗಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ.

ವಿಷಯ ಆಮೇಲೆ ತಿಳಿಯಿತು. ಗೌಡರು ಆ ಕೆರೆಯ ಕೆಲಸ ಮಾಡಿಸಿದಾಗ, ಹೆಚ್ಚು ನೀರು ನಿಲ್ಲಲಿ ಎಂದು ಕೋಡಿಯ ಕಟ್ಟೆಯ ಮೇಲೆ ಒಂದು ವರಸೆ ಕಲ್ಲು ಹೆಚ್ಚಿಗೆ ಕೂರಿಸಿದ್ದರು. ಇಷ್ಟು ಎತ್ತರಕ್ಕೆ ನೀರು ಈ ಜನ್ಮದಲ್ಲಿ ಬರುವುದಿಲ್ಲ ಎಂದು ಊರವರು ನಕ್ಕರು. ರೋಷದಲ್ಲಿ ಗೌಡರು ಆ ಕಟ್ಟೆಯ ಮೇಲೆಯೇ ನಿಂತು, ಈ ಕೆರೆ ಕೋಡಿ ಬೀಳುವವರೆಗೆ ನನ್ನ ಮನೆಯಲ್ಲಿ ಮಾಂಸವಿಲ್ಲ, ಮಂಗಳಕಾರ್ಯವಿಲ್ಲ ಎಂದು ಆಣೆ ಇಟ್ಟುಬಿಟ್ಟರು. ಆಮೇಲೆ ಮಳೆಗಳು ಬಂದವು, ಹೋದವು. ಕೆರೆ ಅವರ ಕಲ್ಲಿನವರೆಗೆ ಒಮ್ಮೆಯೂ ಬರಲಿಲ್ಲ. ಊರವರಿಗೆ ಅವರು ಕೋಳಿ ಬಿಟ್ಟ ಮೇಸ್ತ್ರಿ. ಕಮಲಳಿಗೆ ಬಂದ ವರಗಳೆಲ್ಲ ಈ ಆಣೆ ಕೇಳಿ ಬೇರೆ ಕಡೆ ನೋಡಿಕೊಂಡಿದ್ದರು. ಆದರೂ ಗೌಡರು ಬರುವವರಿಗೆಲ್ಲ, ಬಸ್ಸಿಳಿದು ಬರುವ ದಾರಿ ಕೋಡಿಯ ಮೇಲಿದೆ, ನೀರು ಜೋರಾಗಿದ್ದರೆ ದಾಟಬೇಡಿ ಎಂದು ಎಚ್ಚರಿಕೆ ಹೇಳುವುದನ್ನು ಬಿಟ್ಟಿರಲಿಲ್ಲ. ಒಂದು ಹನಿ ನೀರೂ ಹರಿಯದ ಕೋಡಿಯ ಬಗ್ಗೆ ಅಷ್ಟು ವರ್ಷ ಎಚ್ಚರಿಕೆ ಹೇಳಿದ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಪಾಪ ಎನಿಸುತ್ತದೆ.

ಅವತ್ತು ಮಾತ್ರ ನಮಗೆ ಏನೂ ಅರ್ಥವಾಗಿರಲಿಲ್ಲ. ಚಿಕ್ಕಪ್ಪನಿಗೂ ಅವಮಾನವಾಗಿ ಸಿಟ್ಟು ಬಂತು. ಕೇಳಿದವರು ನೀವು, ತಂದವರು ನಾವು, ಈಗ ಹೀಗಂದರೆ ಹೇಗೆ ಎಂದು ಟವೆಲ್ಲು ಕೊಡವಿದ. ನಡಿಯೋ ಎಂದು ನನ್ನ ತೋಳು ಹಿಡಿದ. ನನ್ನ ಮದುವೆ ಜಗಲಿಯ ಮೇಲೆಯೇ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಯಾರೋ ಬಾಯಿಗೆ ಸೆರಗು ತುರುಕಿಕೊಂಡು ನಗುವ ಸದ್ದಾಯಿತು. ಸೆರಗು ಸಾಲದೆ ಹೋಯಿತು. ಕಮಲ ಹೊರಗೆ ಬಂದಳು. ಅವಳು ನಮ್ಮ ಸೀಮೆಯಲ್ಲೇ ಬೆಳೆದವಳು, ಎರಡೂ ಭಾಷೆಯವಳು. ಅಪ್ಪನಿಗೆ ಕನ್ನಡದಲ್ಲೂ ಚಿಕ್ಕಪ್ಪನಿಗೆ ತೆಲುಗಿನಲ್ಲೂ ಕೋಡಿಯ ಅರ್ಥ ಬಿಡಿಸಿ ಹೇಳಿದಳು. ಚಿಕ್ಕಪ್ಪ ನನ್ನ ತೋಳು ಬಿಟ್ಟ. ಆಮೇಲೆ ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. ನನ್ನ ತಲೆಯಲ್ಲಿ ಇನ್ನೂ ಹುಲ್ಲಿತ್ತು. "ಕೋಡಿ ನೋಡ್ಕೊಂಡ್ ಬಂದಿದ್ದೀರ. ಹುಡುಗೀನೂ ನೋಡ್ಕೊಂಡೇ ಹೋಗಿ" ಎಂದಳು.

ನೋಡಿದೆ. ಫೋಟೋದಲ್ಲಿ ತಡೆದುಕೊಂಡಿದ್ದ ನಗು ಪೂರ್ತಿ ಹೊರಗೆ ಬಂದಿತ್ತು.

ಗೌಡರು ನೀರು ಕೊಟ್ಟರು, ಊಟಕ್ಕೆ ಹಾಕಿದರು. ಹುಡುಗನ ಬಗ್ಗೆ ತಕರಾರಿಲ್ಲ ಎಂದರು. ಆದರೆ ಆಣೆ ಆಣೆಯೇ, ಕೋಡಿ ಬಿದ್ದ ದಿನ ಮಾತಾಡೋಣ ಎಂದುಬಿಟ್ಟರು. ಹೋಗಿ ನೋಡಿದೆವು. ಕೆರೆ ಎಂದೂ ಇಲ್ಲದಷ್ಟು ತುಂಬಿತ್ತು. ನೀರಿಗೂ ಆ ಮೇಲಿನ ಕಲ್ಲಿಗೂ ಒಂದು ಗೇಣು ಉಳಿದಿತ್ತು. ಕೋಳಿ ಅವರ ಹಿತ್ತಲಲ್ಲೇ ಉಳಿಯಿತು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾನು ಚಿಕ್ಕಪ್ಪನಿಲ್ಲದ ಸೈಕಲ್ಲಿನಲ್ಲಿ ಆ ಗುಡ್ಡಗಳನ್ನು ಹತ್ತಿ ಇಳಿದೆ. ಕೇಳಿದವರಿಗೆ ಕೋಡಿ ನೋಡಿಕೊಂಡು ಬರುತ್ತೇನೆ ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ. ಕಟ್ಟೆಯ ಆ ತುದಿಯಲ್ಲಿ ಗೌಡರು ನೀರನ್ನು ನೋಡುತ್ತಾ ನಿಲ್ಲುತ್ತಿದ್ದರು, ಈ ತುದಿಯಲ್ಲಿ ಕಮಲ ಎಮ್ಮೆಗಳಿಗೆ ನೀರು ತೋರಿಸುತ್ತಾ ನಿಲ್ಲುತ್ತಿದ್ದಳು. ನಾನು ನಡುವೆ ನಿಂತು ಕೆರೆಯ ಬಗ್ಗೆ ವಿಜ್ಞಾನದ ಮಾತಾಡುತ್ತಿದ್ದೆ. ಮಳೆ ಬಂದಾಗ ನೀರು ಏರಿತು. ಗೇಣು ಹೋಗಿ ನಾಲ್ಕು ಬೆರಳಾಯಿತು, ಒಂದು ಬೆರಳಾಯಿತು. ಅಲ್ಲಿಗೆ ಮಳೆ ನಿಂತಿತು.

ಅದೇ ಕಷ್ಟ. ಆಕಾಶ ತೊಳೆದಿಟ್ಟ ಹಾಗೆ ಬೋಳಾಯಿತು. ಬಿಸಿಲು ಚುರುಗುಟ್ಟತೊಡಗಿತು. ಇನ್ನೊಂದು ವಾರ ಹೀಗೇ ಆದರೆ ನೀರು ಇಳಿಯುತ್ತದೆ, ಮುಂದಿನ ವರ್ಷದ ಮಳೆಯನ್ನು ಯಾರು ಕಂಡಿದ್ದಾರೆ. ನಮ್ಮ ಮನೆಯಲ್ಲೂ ಅಪ್ಪ ಬೇರೆ ಸಂಬಂಧದ ಮಾತು ಎತ್ತಿದ್ದ. ಆ ಭಾನುವಾರ ನಾನು ಹೋದಾಗ ಗೌಡರು ಕಟ್ಟೆಯ ಮೇಲಿರಲಿಲ್ಲ. ನೋಡಲಾರದೆ ಮನೆಯಲ್ಲಿ ಮಲಗಿದ್ದಾರೆ ಎಂದಳು ಕಮಲ. ಅವಳು ಅವತ್ತು ನಗಲಿಲ್ಲ. ಅಳು ನುಂಗಿಕೊಂಡಿದ್ದಳು. ಆಗ ನನ್ನ ತಲೆಗೆ ಹೊಳೆದದ್ದು ಏಳನೇ ತರಗತಿಯ ಪಾಠ. ನೀರು ತುಂಬಿದ ಲೋಟಕ್ಕೆ ಗೋಲಿ ಹಾಕಿದರೆ ನೀರು ಹೊರಗೆ ಚೆಲ್ಲುತ್ತದೆ. ಗೋಲಿಯ ಬದಲು ಎಮ್ಮೆ. ನಾನು ನೆಲದ ಮೇಲೆ ಕಡ್ಡಿಯಲ್ಲಿ ಕೆರೆಯ ಅಗಲ ಉದ್ದ ಬರೆದು ಲೆಕ್ಕ ಹಾಕಿದೆ. ಇಡೀ ಜಿಲ್ಲೆಯ ಎಮ್ಮೆಗಳನ್ನು ಇಳಿಸಿದರೂ ಸಾಲದು ಎಂದು ಬಂತು.

ಕಮಲ ನನ್ನ ಲೆಕ್ಕವನ್ನು ಕಾಲಿನಿಂದ ಒರೆಸಿದಳು. "ನೀರು ಏರಿಸೋದ್ಯಾಕೆ ಮೇಷ್ಟ್ರೇ. ಅಲ್ಲಾಡಿಸಿದ್ರೆ ಸಾಲ್ದಾ" ಎಂದಳು.

ಊರಿನ ಎಮ್ಮೆಗಳೆಲ್ಲ ಆ ಹೊತ್ತಿಗೆ ಕೆರೆಯ ಆಚೆ ದಡದಲ್ಲಿ ಮೇಯುತ್ತಿದ್ದವು. ಅವಳು ಸೀರೆ ಎತ್ತಿ ಕಟ್ಟಿ ಆ ಕಡೆಯಿಂದ, ನಾನು ಪ್ಯಾಂಟು ಮಡಚಿ ಈ ಕಡೆಯಿಂದ, ಹಚಾ ಹಚಾ ಎನ್ನುತ್ತಾ ಅಷ್ಟನ್ನೂ ಕೋಡಿಯ ಮೂಲೆಗೆ ಅಟ್ಟಿದೆವು. ಅಲ್ಲಿ ನೀರು ಸೊಂಟದ ಮಟ್ಟ. ಎಮ್ಮೆಗಳಿಗೆ ಬಿಸಿಲಲ್ಲಿ ಅದೇ ಬೇಕಾಗಿತ್ತು, ಒಂದರ ಮೇಲೊಂದು ಬಿದ್ದು ಹೊರಳಿದವು. ಒಂದು ಅಲೆ ಬಂತು, ಕಲ್ಲಿಗೆ ಬಡಿದು ಹಿಂದೆ ಹೋಯಿತು. ಇನ್ನೊಂದು ಬಂತು. ನಾನು ಒಂದು ಮುದಿ ಎಮ್ಮೆಯ ಬಾಲ ಹಿಡಿದು ಎಳೆದೆ. ಅದು ತಿರುಗಿ ನನ್ನನ್ನು ನೀರಿಗೆ ಕೆಡವಿತು. ನಾನು ಬಿದ್ದ ಅಲೆಯೇ ಮೊದಲು ಕಟ್ಟೆ ದಾಟಿದ್ದು ಎಂದು ಕಮಲ ಇವತ್ತಿಗೂ ಹೇಳುತ್ತಾಳೆ. ಆಮೇಲೆ ಒಂದರ ಹಿಂದೆ ಒಂದು ದಾಟತೊಡಗಿದವು. ಗೌಡರ ಒಣಕಲ್ಲು ನೆನೆದು ಕಪ್ಪಾಯಿತು. ಕಲ್ಲಿನ ಆಚೆ ಮೈಯಲ್ಲಿ ನೀರು ಗೆರೆಗೆರೆಯಾಗಿ ಇಳಿಯಿತು.

ಅವಳು ಓಡಿಹೋಗಿ ಅಪ್ಪನನ್ನು ಕರೆತಂದಳು. ಗೌಡರು ಚಪ್ಪಲಿ ಇಲ್ಲದೆ ಬಂದಿದ್ದರು. ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ನಿಧಾನವಾಗಿ ನೋಡಿದರು. ಹರಿಯುತ್ತಿರುವ ಕಲ್ಲನ್ನು ನೋಡಿದರು. ಹೊರಳುತ್ತಿರುವ ಎಮ್ಮೆಗಳನ್ನು ನೋಡಿದರು. ಮಗಳ ಒದ್ದೆ ಸೀರೆಯನ್ನು, ತಲೆಯ ಮೇಲೆ ಪಾಚಿ ಹೊತ್ತು ನಿಂತ ನನ್ನನ್ನು ನೋಡಿದರು. ಜೀವಮಾನವೆಲ್ಲ ಕೆರೆಯ ಕೆಲಸ ಮಾಡಿದ ಮನುಷ್ಯ. ಸಿಕ್ಕಿಬಿದ್ದೆವು ಎಂದು ನಾನು ಕಣ್ಣು ಕೆಳಗೆ ಹಾಕಿದೆ.

ಗೌಡರು ಕೂತರು. ಒದ್ದೆ ಕಲ್ಲಿನ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ಬಹಳ ಹೊತ್ತು ತೆಗೆಯಲಿಲ್ಲ. ಆ ನೀರನ್ನೇ ಕಣ್ಣಿಗೆ ಒತ್ತಿಕೊಂಡರು, ಒತ್ತಿಕೊಂಡದ್ದು ನೀರೊಂದೇ ಅಲ್ಲ ಎಂದು ನಮಗಿಬ್ಬರಿಗೂ ಗೊತ್ತಾಯಿತು. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು ಊರ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ಎಮ್ಮೆಗಳ್ನ ಇನ್ನೊಂದ್ ಗಳಿಗೆ ಅಲ್ಲೇ ಹಿಡ್ಕಂಡಿರಿ" ಎಂದರು. "ಊರೋರ್ನ ಕರ್ಕಂಡ್ ಬತ್ತೀನಿ."